ಹಗ್ಗ ಎಳೆದರೂ ಏಳದ ಎಂಜಿನ್

ಗೋ-ಕಾರ್ಟಿಗೆ ಕೂರಿಸುವ ಎಂಜಿನ್ ಬೆಂಗಳೂರಿನ ಹೇರೋಹಳ್ಳಿಗೆ ಅಪರಿಚಿತವೇನಲ್ಲ. ಮಾಗಡಿ ರಸ್ತೆಯ ಆಸುಪಾಸಿನ ಕಟ್ಟಡಗಳಲ್ಲಿ ಮೋಲ್ಡ್ ಹಾಕುವ ದಿನ ವೈಬ್ರೇಟರ್ ತಿರುಗಿಸುವುದು, ಕರೆಂಟ್ ಹೋದಾಗ ಅಂಗಡಿ ಮುಂದೆ ಗುಡುಗುಟ್ಟುವ ಜನರೇಟರಿನಲ್ಲಿರುವುದು ಇದೇ ಜಾತಿಯ ಒಂಟಿ ಸಿಲಿಂಡರಿನ ಪೆಟ್ರೋಲ್ ಎಂಜಿನ್. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಕಟ್ಟಿದ ಮೊದಲ ಕಾರ್ಟ್ ಓಡಿದ್ದೂ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನಿನಿಂದಲೇ. ಬೆಂಗಳೂರಿನ ಮೆಕೊ ಕಾರ್ಟೋಪಿಯದಲ್ಲಿ ನಡೆಯುವ ರೋಟ್ಯಾಕ್ಸ್ ಮ್ಯಾಕ್ಸ್ ರೇಸುಗಳ 125 ಸಿಸಿ ಟೂ-ಸ್ಟ್ರೋಕ್ ಎಂಜಿನ್ನಿನ ಮಾತು ಬೇರೆ. ಪೆಟ್ರೋಲಿಗೇ ಎಣ್ಣೆ ಬೆರೆಸುವ ಅದು ತಜ್ಞರ ಕೈಯ ವಸ್ತು. ಬಾಡಿಗೆ ಕಾರ್ಟುಗಳಲ್ಲಿ ಹೆಚ್ಚಾಗಿ ಕಾಣುವುದು ಹೋಂಡಾ ಜಿಎಕ್ಸ್200ರಂಥ 196 ಸಿಸಿಯ ಫೋರ್-ಸ್ಟ್ರೋಕ್.

ಇಂಥ ಎಂಜಿನ್ ಸ್ಟಾರ್ಟ್ ಆಗಲು ಮೂರು ಬೇಕು: ಗಾಳಿ ಬೆರೆತ ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ, ಸಾಕಷ್ಟು ಕಂಪ್ರೆಷನ್. ಕೆಟ್ಟಾಗ ಹುಡುಕಬೇಕಾದ ಕ್ರಮವೂ ಇದೇ. ಮೊದಲ ಎರಡಕ್ಕೆ ಒಂದು ಪ್ಲಗ್ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಸಾಕು. ಆದರೂ ಅವೆರಡನ್ನೂ ಬಿಟ್ಟು ನೇರವಾಗಿ ಹೆಡ್ ಬಿಚ್ಚಲು ಹೊರಡುವವರು ಕಡಿಮೆಯಿಲ್ಲ.

ಹೆಚ್ಚಿನ ತೊಂದರೆ ಹುಟ್ಟುವುದು ಪೆಟ್ರೋಲಿನಲ್ಲಿ. ಪರೀಕ್ಷೆ ಮುಗಿಯುವವರೆಗೆ ಕಾಲೇಜಿನ ಶೆಡ್ಡಿನಲ್ಲಿ ನಿಂತ ಕಾರ್ಟನ್ನು ಒಂದು ದಿನ ಹೊರತೆಗೆದು ಹಗ್ಗ ಎಳೆದರೆ ಅದು ಕೆಮ್ಮುವುದೂ ಇಲ್ಲ. ಕಾರ್ಬುರೇಟರಿನ ಫ್ಲೋಟ್ ಬೌಲಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ, ತಳದಲ್ಲಿ ಅಂಟು ಕಟ್ಟಿ, ಸೂಜಿಮೊನೆಯಷ್ಟು ತೂತಿರುವ ಜೆಟ್ಟನ್ನು ಮುಚ್ಚಿರುತ್ತದೆ. ಚೋಕ್ ಎಳೆದಿದ್ದರೆ ಮಾತ್ರ ಓಡುತ್ತದೆ, ಚೋಕ್ ಬಿಟ್ಟೊಡನೆ ನಿಲ್ಲುತ್ತದೆ ಎಂದರೆ ಜೆಟ್ ಕಟ್ಟಿದೆ ಎಂದೇ ಲೆಕ್ಕ. ಬೌಲ್ ಬಿಚ್ಚಿ, ಜೆಟ್ ತೆಗೆದು, ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ಏರ್ ಹೊಡೆದರೆ ಸಾಕು. ಪಿನ್ ಹಾಕಿ ಕೆದಕಬಾರದು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಆಮೇಲೆ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ.

ಈಗಿನ ಪೆಟ್ರೋಲ್ ಈ ಕಾಟವನ್ನು ಹೆಚ್ಚಿಸಿದೆ. ಶೇ 20ರಷ್ಟು ಎಥನಾಲ್ ಬೆರೆತ ಇ20 ಇಂಧನಕ್ಕೆ ಚಾಲನೆ ಸಿಕ್ಕಿದ್ದು ಇದೇ ಬೆಂಗಳೂರಿನಲ್ಲಿ, 2023ರ ಫೆಬ್ರುವರಿ 6ರಂದು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಜಿಎಕ್ಸ್200ರ ಕೈಪಿಡಿ ಒಪ್ಪುವುದು ಶೇ 10ರ ಎಥನಾಲನ್ನು ಮಾತ್ರ. ಹಾಗಾಗಿ ಕಾರ್ಟನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಬೌಲನ್ನೂ ಖಾಲಿ ಮಾಡಿಡುವುದು ಮೇಲು.

ಊರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಪ್ರತಿ 300 ಮೀಟರಿಗೆ ಸುಮಾರು ಶೇ 3.5ರಷ್ಟು ಶಕ್ತಿ ಇಳಿಯುತ್ತದೆ ಎನ್ನುತ್ತದೆ ಹೋಂಡಾ. ಅಂದರೆ ಚೆನ್ನೈಯಲ್ಲಿ ಓಡಿದ ಎಂಜಿನ್ ಇಲ್ಲಿ ಹತ್ತನೇ ಒಂದು ಪಾಲು ಸೊರಗಿದರೆ ಅದು ರಿಪೇರಿಯ ವಿಷಯವಲ್ಲ. ತೆಳು ಗಾಳಿಯಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕಾದ್ದರಿಂದ ಇ20 ಅದೇ ಮಿಶ್ರಣವನ್ನು ಎದುರು ದಿಕ್ಕಿಗೆ ಎಳೆಯುತ್ತದೆ. ಹೀಗಾಗಿ ಬೇರೆ ಊರಿನವರ ಸಲಹೆ ಕೇಳಿ ಜೆಟ್ ಬದಲಿಸುವುದಕ್ಕಿಂತ ಪ್ಲಗ್ ಬಿಚ್ಚಿ ನೋಡುವುದು ಜಾಣತನ. ತುದಿ ತಿಳಿಕಂದು ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಇಲ್ಲವೇ ಧೂಳು ತುಂಬಿ ಏರ್ ಫಿಲ್ಟರ್ ಕಟ್ಟಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಎಂಜಿನ್ ಅತಿಯಾಗಿ ಕಾಯುತ್ತಿದೆ.

ಹತ್ತು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವ ಎಂಜಿನ್ ಎಷ್ಟೋ ಜನರನ್ನು ಸತಾಯಿಸುತ್ತದೆ. ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿತೂತು ಕಟ್ಟಿಕೊಂಡಿದ್ದರೆ ಹೀಗಾಗುವುದುಂಟು. ಮುಚ್ಚಳ ಸಡಿಲಿಸಿದೊಡನೆ ಎಂಜಿನ್ ಸರಿಹೋದರೆ ಕಾರಣ ಸಿಕ್ಕಿತು.

ಪೆಟ್ರೋಲ್ ಸರಿಯಿದೆ ಎಂದಾದ ಮೇಲೆ ಕಿಡಿ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಗ್ಗ ಎಳೆದರೆ ನೀಲಿ ಕಿಡಿ ಹಾರಬೇಕು; ಹತ್ತಿರದಲ್ಲಿ ಚೆಲ್ಲಿದ ಪೆಟ್ರೋಲ್ ಇರಬಾರದು. ಪ್ಲಗ್ಗಿನ ಗ್ಯಾಪ್ 0.7ರಿಂದ 0.8 ಮಿ.ಮೀ. ಕಿಡಿ ಬಾರದಿದ್ದರೆ ಕಾಯಿಲ್ ಕೊಳ್ಳಲು ಓಡುವ ಮುನ್ನ ಕಿಲ್ ಸ್ವಿಚ್ಚಿನ ವೈರ್ ಕಳಚಿ ನೋಡಬೇಕು. ಕಾರ್ಟಿನ ಅದುರಿಕೆಗೆ ವೈರಿನ ಸಿಪ್ಪೆ ಚಾಸಿಯ ಪೈಪಿಗೆ ಉಜ್ಜಿ ಹರಿದು, ಎಂಜಿನ್ ಆಫ್ ಆಗಿಯೇ ಕೂತಿರುತ್ತದೆ.

ತಿರುವಿನಲ್ಲಿ ಮಾತ್ರ ಎಂಜಿನ್ ಕಟ್ ಆಗುವುದಕ್ಕೆ ಕಾರಣ ಇನ್ನೊಂದು. ಎಣ್ಣೆ ಕಡಿಮೆಯಾದರೆ ಕಿಡಿ ನಿಲ್ಲಿಸುವ ಸೆನ್ಸರ್ ಇಂಥ ಹಲವು ಎಂಜಿನ್ನುಗಳಲ್ಲಿರುತ್ತದೆ. ಅದು ನಿಂತಲ್ಲೇ ನಿಲ್ಲುವ ಯಂತ್ರಕ್ಕೆಂದು ಮಾಡಿದ್ದು. ಕಾರ್ಟ್ ತಿರುಗುವಾಗ 0.6 ಲೀಟರ್ ಎಣ್ಣೆ ಒಂದು ಬದಿಗೆ ಸರಿದರೆ ಮೋಸಹೋಗುತ್ತದೆ. ಕಾರ್ಟ್ ಕಟ್ಟುವವರು ಹಲವೊಮ್ಮೆ ಆ ವೈರನ್ನೇ ಕಳಚುತ್ತಾರೆ. ಕಳಚಿದವರು ಪ್ರತಿ ಸಲ ಎಣ್ಣೆಯ ಮಟ್ಟ ನೋಡಲೇಬೇಕು, ಎಚ್ಚರಿಸುವವರು ಬೇರಾರೂ ಇರುವುದಿಲ್ಲ.

ಪೆಟ್ರೋಲ್, ಕಿಡಿ ಎರಡೂ ಸರಿಯಿದ್ದು ಎಂಜಿನ್ ಏಳದಿದ್ದರೆ ಆಗ ಕಂಪ್ರೆಷನ್. ಹಗ್ಗ ಎಲ್ಲೂ ತಡೆಯದೆ ಸಲೀಸಾಗಿ ಬಂದರೆ ವಾಲ್ವ್, ರಿಂಗ್ ಅಥವಾ ಗ್ಯಾಸ್ಕೆಟ್ ಮೇಲೆ ಅನುಮಾನ. ಮೊದಲು ಟ್ಯಾಪೆಟ್ಟಿನ ಗ್ಯಾಪ್ ನೋಡಬೇಕು: ತಣ್ಣಗಿರುವಾಗ ಇನ್‌ಟೇಕ್ 0.15, ಎಕ್ಸಾಸ್ಟ್ 0.20 ಮಿ.ಮೀ. ನೀಲಿ ಹೊಗೆಯೂ ಜೊತೆಗಿದ್ದರೆ ರಿಂಗ್ ಸವೆದಿರುವ ಸಂಭವ ಹೆಚ್ಚು. ಆ ಕೆಲಸ ಮನೆಯಲ್ಲಿ ಆಗದು, ಬೋರಿಂಗ್ ಮಾಡುವವರ ಬಳಿಗೆ ಹೋಗಬೇಕು. ಹಗ್ಗ ಕೈಯನ್ನೇ ಹಿಂದಕ್ಕೆ ಜಗ್ಗಿದರೆ ಫ್ಲೈವೀಲಿನ ಕೀ ತುಂಡಾಗಿ ಟೈಮಿಂಗ್ ಜಾರಿರಬಹುದು.

ಎಂಜಿನ್ ಅಬ್ಬರಿಸುತ್ತದೆ, ಕಾರ್ಟ್ ಕದಲುವುದಿಲ್ಲ ಎಂದಾದರೆ ತಪ್ಪು ಎಂಜಿನ್ನಿನದಲ್ಲ, ಕ್ಲಚ್ಚಿನದು ಅಥವಾ ಚೈನಿನದು. ವೇಗ ಸಾಲದೆಂದು ಗವರ್ನರ್ ತೆಗೆಯುವ ಚಾಳಿಯೂ ಇದೆ. ಅದು ಎಂಜಿನ್ನಿನ ವೇಗವನ್ನು ನಿಮಿಷಕ್ಕೆ ಸುಮಾರು 3,600 ಸುತ್ತಿನ ಆಸುಪಾಸಿನಲ್ಲಿ ಹಿಡಿದಿಡುವ ಭಾಗ. ಅದಿಲ್ಲದೆ ಓಡಿಸಿದರೆ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನು ಒಡೆದು ಹೊರಬರಬಹುದು, ಫ್ಲೈವೀಲ್ ಸಿಡಿಯಲೂಬಹುದು. ಅದು ತಿರುಗುತ್ತಿರುವುದು ಚಾಲಕನ ಪಕ್ಕದಲ್ಲೇ.