ವಲಸೆ ಹೋಗುವ ಕೂಲಿ ಮಹಿಳೆಯರಿಗೆ ಕಾನೂನಿನ ರಕ್ಷಣೆ

ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ ಕೊಪ್ಪಳ, ರಾಯಚೂರು, ಬಾಗಲಕೋಟೆ, ಗದಗ ಜಿಲ್ಲೆಗಳ ಒಣಬೇಸಾಯದ ಹಳ್ಳಿಗಳಿಂದ ಅನೇಕ ಕುಟುಂಬಗಳು ಕೆಲಸ ಅರಸಿ ಮಂಗಳೂರಿಗೆ ಬರುತ್ತವೆ. ಮಳೆಯನ್ನೇ ನಂಬಿದ ಒಂದು ಬೆಳೆಯ ಭೂಮಿಯಲ್ಲಿ ವರ್ಷವಿಡೀ ಕೂಲಿ ಸಿಗದಿರುವುದೇ ಇದಕ್ಕೆ ಕಾರಣ. ಗಂಡಸರು ಗಾರೆ ಕೆಲಸಕ್ಕೆ ನಿಂತರೆ ಹೆಂಗಸರು ಕಲ್ಲು, ಮರಳು, ಕಾಂಕ್ರೀಟು ಹೊರುತ್ತಾರೆ. ಒಡಿಶಾ, ಜಾರ್ಖಂಡ್, ಅಸ್ಸಾಂಗಳಿಂದಲೂ ಕೆಲಸಗಾರರು ಇಲ್ಲಿಗೆ ಬರುತ್ತಿದ್ದಾರೆ.

ಹೆಸರಿಲ್ಲದ ದುಡಿಮೆ

ಮೇಸ್ತ್ರಿಯು ಮುಂಗಡ ಹಣವನ್ನು ಗಂಡನ ಕೈಗೆ ಕೊಟ್ಟು ಗಂಡಹೆಂಡಿರನ್ನು 'ಜೋಡಿ' ಎಂದು ಲೆಕ್ಕ ಹಿಡಿಯುವುದುಂಟು. ಇಬ್ಬರ ಕೂಲಿಯೂ ಗಂಡನಿಗೇ ಸಂದಾಯವಾಗುತ್ತದೆ. ಹಾಜರಿ ಪುಸ್ತಕದಲ್ಲಿ ಹೆಂಗಸಿನ ಹೆಸರೇ ಇರುವುದಿಲ್ಲ. ಹೆಸರಿಲ್ಲದಿದ್ದರೆ ದುಡಿದ ದಿನಗಳಿಗೆ ಪುರಾವೆ ಇಲ್ಲ. ಪುರಾವೆ ಇಲ್ಲದಿದ್ದರೆ ಹೆರಿಗೆ ಸೌಲಭ್ಯವಾಗಲಿ, ಅಪಘಾತ ಪರಿಹಾರವಾಗಲಿ ಕೈಸೇರುವುದು ಕಷ್ಟ. ಆದ್ದರಿಂದ ಹಾಜರಿಯಲ್ಲಿ ತನ್ನ ಹೆಸರು ಬರೆಸುವುದೇ ಮಹಿಳೆಯು ಮಾಡಬೇಕಾದ ಮೊದಲ ಕೆಲಸ.

ಕೂಲಿ ಮತ್ತು ಮುಂಗಡ

ಒಂದೇ ಬಗೆಯ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಸಮಾನ ವೇತನ ಕೊಡಬೇಕೆಂದು 1976ರ ಕಾಯಿದೆ ವಿಧಿಸಿತ್ತು. ಈಗ ಅದು 2019ರ ವೇತನ ಸಂಹಿತೆಯಲ್ಲಿ ಸೇರಿದೆ. ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಮುಂಗಡ ಮುಂತಾದ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ಕೂಲಿಯ ಅರ್ಧವನ್ನು ಮೀರುವಂತಿಲ್ಲ. ಬಾಕಿ ಕೂಲಿಯನ್ನು 3 ವರ್ಷಗಳೊಳಗೆ ಕೇಳಬಹುದು.

ಮುಂಗಡ ತೀರುವವರೆಗೆ ಊರಿಗೆ ಬಿಡುವುದಿಲ್ಲವೆಂದು ತಡೆದಿಟ್ಟು ದುಡಿಸುವುದು 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ಪ್ರಕಾರ ಅಪರಾಧ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1982ರಲ್ಲಿ ಇನ್ನೂ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು.

ಅಂತರರಾಜ್ಯ ವಲಸೆ ಯಾವುದು?

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯ ಜಾಗದಲ್ಲಿ ಈಗ 2020ರ ವೃತ್ತಿ ಸುರಕ್ಷತೆಯ ಸಂಹಿತೆ ಇದೆ. ಇಂತಹ 10 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ, ಅರ್ಹರಾದವರಿಗೆ ಊರಿಗೆ ಹೋಗಿಬರುವ ಪ್ರಯಾಣ ಭತ್ಯೆಯನ್ನು ಮಾಲೀಕರು ಕೊಡಬೇಕು. ಆದರೆ ಕೊಪ್ಪಳದಿಂದ ಮಂಗಳೂರಿಗೆ ಬಂದವರಿಗೆ ಇದು ಅನ್ವಯಿಸುವುದಿಲ್ಲ. ಎರಡೂ ಒಂದೇ ರಾಜ್ಯದಲ್ಲಿವೆ. ಇದರಿಂದ ಎದೆಗುಂದಬೇಕಾಗಿಲ್ಲ. ಈ ಲೇಖನದಲ್ಲಿ ತಿಳಿಸಿದ ಉಳಿದ ಹಕ್ಕುಗಳನ್ನು ಪಡೆಯಲು ರಾಜ್ಯದ ಗಡಿ ದಾಟಿರಬೇಕೆಂಬ ನಿಯಮವಿಲ್ಲ.

ಮಂಡಳಿಯ ಸೌಲಭ್ಯಗಳು

ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಹೆರಿಗೆ, ಮಕ್ಕಳ ಶಿಕ್ಷಣ, ಮದುವೆ, ಅಪಘಾತ, ಪಿಂಚಣಿ ಇವುಗಳಿಗೆ ಮಂಡಳಿಯ ಸಹಾಯಧನವಿದೆ. ಗಂಡನ ಕಾರ್ಡು ಸಾಕೆಂದು ಸುಮ್ಮನಿರದೆ ಮಹಿಳೆಯರು ತಮ್ಮ ಹೆಸರಿನಲ್ಲಿಯೇ ಕಾರ್ಡು ಮಾಡಿಸುವುದು ಉತ್ತಮ.

ಪಡಿತರವನ್ನು ಊರಿನ ಅಂಗಡಿಯಲ್ಲಿಯೇ ಪಡೆಯಬೇಕೆಂದಿಲ್ಲ. ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಿಂದಾಗಿ ಆಹಾರ ಭದ್ರತಾ ಕಾಯಿದೆಯ ಚೀಟಿದಾರರು ಮಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಪಡಿತರ ಧಾನ್ಯ ಪಡೆಯಬಹುದು.

ಕಿರುಕುಳ ಮತ್ತು ಕಾನೂನು ನೆರವು

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯಿದೆಯಂತೆ 3 ತಿಂಗಳೊಳಗೆ ದೂರು ಕೊಡಬೇಕು. 10ಕ್ಕಿಂತ ಕಡಿಮೆ ಜನರಿರುವ ಕಡೆ ದುಡಿಯುವವರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ಮಹಿಳೆಯರಿಗೆ, ವರಮಾನ ಎಷ್ಟೇ ಇರಲಿ, ಉಚಿತ ವಕೀಲರ ನೆರವು ದೊರೆಯುತ್ತದೆ. ಇದಕ್ಕೆ 15100, ಮಹಿಳಾ ಸಹಾಯವಾಣಿಗೆ 181, ತುರ್ತು ಸಮಯದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು.

ಊರು ಬಿಡುವ ಮುನ್ನ

1. ಆಧಾರ್, ಪಡಿತರ ಚೀಟಿ, ಸ್ವಂತ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಗರ್ಭಿಣಿಯಾಗಿದ್ದರೆ ತಾಯಿ ಕಾರ್ಡು ಜೊತೆಯಲ್ಲಿರಲಿ.

2. ಮೇಸ್ತ್ರಿಯ ಹೆಸರು, ಕೆಲಸದ ಸ್ಥಳ, ಒಪ್ಪಿದ ಕೂಲಿ, ಪಡೆದ ಮುಂಗಡ ಇವನ್ನು ಬರೆದು ಒಂದು ಪ್ರತಿಯನ್ನು ಮನೆಯಲ್ಲಿ ಬಿಡಿ.

3. ದುಡಿದ ದಿನಗಳನ್ನು ಕಿರುಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಓದು ಬಾರದಿದ್ದರೆ ಕ್ಯಾಲೆಂಡರಿನಲ್ಲಿ ಗೆರೆ ಎಳೆದರೂ ಆಯಿತು.

ಬಿತ್ತನೆ ಬೀಜದ ಚೀಲದ ರಸೀದಿಯನ್ನು ಬೆಳೆ ಕೈಸೇರುವವರೆಗೆ ಜೋಪಾನ ಮಾಡುವ ರೈತ ಕುಟುಂಬಗಳು, ಹೆಣ್ಣುಮಕ್ಕಳ ದುಡಿಮೆಯ ಲೆಕ್ಕವನ್ನೂ ಅಷ್ಟೇ ಜೋಪಾನ ಮಾಡಬೇಕು. ಮಹಿಳಾ ಮಂಡಳಿಗಳೂ ಸ್ವಸಹಾಯ ಸಂಘಗಳೂ ಸುಗ್ಗಿಯ ನಂತರದ ಸಭೆಯಲ್ಲಿ ಈ ವಿಷಯಗಳನ್ನು ಓದಿ ಹೇಳಿದರೆ ಬಹಳ ಉಪಕಾರವಾಗುತ್ತದೆ.