ನಿಮಗಿದು ಗೊತ್ತೆ? ಎಣ್ಣೆ ತಗುಲಿದರೆ ಬ್ರೇಕ್ ಕಿರುಚುತ್ತದೆ!

ಎಣ್ಣೆ ಬಿಟ್ಟರೆ ಯಂತ್ರದ ಸದ್ದು ಅಡಗುತ್ತದೆ ಎಂಬುದು ವಾಡಿಕೆಯ ತಿಳಿವಳಿಕೆಯಾದರೂ, ಸೈಕಲ್ಲಿನ ಹೈಡ್ರಾಲಿಕ್ ಡಿಸ್ಕ್ ಬ್ರೇಕಿನಲ್ಲಿ ಬೆರಳಿನಿಂದ ಅಂಟಿದ ಅಲ್ಪ ಜಿಡ್ಡು ಕೂಡ ಕರ್ಕಶವಾದ ಕಿರುಚಾಟಕ್ಕೆ ಕಾರಣವಾಗಬಲ್ಲದು. ದ್ರವದ ಒತ್ತಡಕ್ಕೆ ಸಿಲುಕಿದ ಪ್ಯಾಡುಗಳು, ಅಂದರೆ ಘರ್ಷಣೆಯನ್ನುಂಟುಮಾಡುವ ಬಿಲ್ಲೆಗಳು, ಚಕ್ರದೊಡನೆ ತಿರುಗುವ ರೋಟರ್ ಎಂಬ ಉಕ್ಕಿನ ತೆಳುತಟ್ಟೆಯನ್ನು ಎರಡೂ ಕಡೆಯಿಂದ ಅದುಮಿದಾಗ, ಜಿಡ್ಡಿನಿಂದಾಗಿ ಹಿಡಿತವು ಏಕರೂಪವಾಗಿರದೆ, ಅವು ಕ್ಷಣಕ್ಷಣಕ್ಕೂ ಅಂಟಿ ಜಾರುತ್ತ ತಟ್ಟೆಯನ್ನು ಕಂಪನಕ್ಕೊಳಪಡಿಸುತ್ತವೆ. ಕಮಾನು ಪಿಟೀಲಿನ ತಂತಿಯನ್ನು ನುಡಿಸುವುದೂ ಇದೇ ಅಂಟು-ಜಾರು ಕ್ರಿಯೆಯಿಂದಲೇ. ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಶುಚಿಗೊಳಿಸಿ, ಪ್ಯಾಡಿನ ಮೇಲ್ಮೈಯನ್ನು ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಬಳಿಕ ಸಮತಟ್ಟಾದ ನಿರ್ಜನ ರಸ್ತೆಯಲ್ಲಿ ಸಾಗುತ್ತ, ಪೂರ್ತಿ ನಿಲ್ಲಿಸದೆ ಸುಮಾರು 20 ಬಾರಿ ಬಿಗಿಯಾಗಿ ಬ್ರೇಕ್ ಹಿಡಿದು ವೇಗ ತಗ್ಗಿಸಿದರೆ, ಪ್ಯಾಡಿನ ವಸ್ತುವಿನ ತೆಳುಪದರವೊಂದು ರೋಟರಿನ ಮೇಲೆ ಸಮನಾಗಿ ಕೂರುವುದರಿಂದ ಸದ್ದು ಸಾಮಾನ್ಯವಾಗಿ ಇಳಿಯುತ್ತದೆ. ಎಣ್ಣೆಯು ಪ್ಯಾಡಿನ ಒಳಕ್ಕೇ ಇಂಗಿದ್ದರೆ ಮಾತ್ರ ಹೊಸದನ್ನು ಹಾಕುವುದೇ ಸರಿಯಾದ ಮಾರ್ಗ, ಏಕೆಂದರೆ ಅಂಥ ಪ್ಯಾಡು ಸದ್ದು ಮಾಡುವುದಷ್ಟೇ ಅಲ್ಲದೆ, ಸವಾರನ ಜೀವ ಕಾಯಬೇಕಾದ ಬ್ರೇಕಿನ ಶಕ್ತಿಯನ್ನೇ ಕುಂದಿಸುತ್ತದೆ.