ನ್ಯೂಮ್ಯಾಟಿಕ್ ವಾಲ್ವ್‌ಗಳ ಮೇಲೆ ಸೇಫ್ಟಿ ಕಂಟ್ರೋಲರ್‌ನ ಕಣ್ಣು: ಒಬ್ಬ ಲೆಕ್ಕಪರಿಶೋಧಕನ ಅನುಭವ

ಯಂತ್ರಗಳ ವಿಷಯದಲ್ಲಿ ಮಾತನಾಡಲು ಲೆಕ್ಕಪರಿಶೋಧಕನಿಗೆ ಏನು ಅಧಿಕಾರವಿದೆ ಎಂದು ಉದ್ಯಮಿ ಬಾಂಧವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ವಾಣಿಜ್ಯ ಪದವಿ ಪಡೆದು, ಮೂರು ದಶಕಗಳನ್ನು ಖಾತೆ ಪುಸ್ತಕಗಳ ನಡುವೆ ಕಳೆದವನು ನಾನು. ಆದರೂ ಈ ಲೇಖನವನ್ನು ಬರೆಯುವಂತೆ ಮಾಡಿದ್ದು ಒಂದು ಕೊಟೇಶನ್.

2016ರಲ್ಲಿ ಪೀಣ್ಯದ ನನ್ನ ಕಕ್ಷಿದಾರರೊಬ್ಬರು ತಮ್ಮ ಪ್ರೆಸ್ ಶಾಪ್‌ನ ವಾರ್ಷಿಕ ಬಜೆಟ್ಟನ್ನು ನನ್ನ ಮುಂದಿಟ್ಟರು. ಏರ್ ಕ್ಲಚ್ ಇರುವ 63 ಟನ್ ಪ್ರೆಸ್ ಒಂದಕ್ಕೆ ಜೋಡಿ ವಾಲ್ವ್ ಹಾಗೂ ಸೇಫ್ಟಿ ಕಂಟ್ರೋಲರ್ ಅಳವಡಿಸಲು ಸುಮಾರು ಒಂದೂವರೆ ಲಕ್ಷ ರೂಪಾಯಿಗಳ ಕೊಟೇಶನ್ ಅದರಲ್ಲಿತ್ತು. ಬಡ್ಡಿಯ ಹೊರೆ ಹೆಚ್ಚಿದ್ದ ವರ್ಷವದು. ‘ಒಂದು ವಾಲ್ವ್ ಸರಿಯಾಗಿಯೇ ಕೆಲಸ ಮಾಡುತ್ತಿರುವಾಗ ಎರಡು ಏಕೆ?’ ಎಂದು ಕೇಳಿದವನು ನಾನೇ. ಆ ಬಾಬ್ತಿನ ಎದುರು ‘ಮುಂದಿನ ವರ್ಷ’ ಎಂದು ಪೆನ್ಸಿಲಿನಲ್ಲಿ ಬರೆದವನೂ ನಾನೇ.

2018ರ ಮಳೆಗಾಲದ ಒಂದು ಸೋಮವಾರ ಬೆಳಿಗ್ಗೆ, ಪಾಳಿ ಆರಂಭವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಪ್ರೆಸ್ ಒಂದು ಸ್ಟ್ರೋಕ್ ಮುಗಿಸಿ ಮೇಲೆ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಸಿದ್ಧವಾದ ತುಣುಕನ್ನು ತೆಗೆಯಲು ಕೈಚಾಚಿದ 25 ವರ್ಷದ ಯುವಕನ ಬಲಗೈಯ ಎರಡು ಬೆರಳುಗಳು ಎರಡನೆಯ ಸ್ಟ್ರೋಕಿಗೆ ಸಿಕ್ಕಿದವು. ಆಸ್ಪತ್ರೆಯ ಹೊರಗೆ ಮಾಲೀಕರು ನನ್ನ ಕೈಹಿಡಿದು, ‘ಆಡಿಟರ್ ಸಾರ್, ಲೈಟ್ ಕರ್ಟನ್ ಇತ್ತಲ್ಲ ಸಾರ್’ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ಲೈಟ್ ಕರ್ಟನ್ ಇದ್ದದ್ದು ನಿಜ. ಅದು ಕೆಟ್ಟಿರಲಿಲ್ಲ ಎಂಬುದೂ ತನಿಖೆಯಲ್ಲಿ ತಿಳಿಯಿತು. ಕೈ ಅಡ್ಡ ಬಂದ ಕೂಡಲೇ ಅದು ತನ್ನ ಸಂಕೇತವನ್ನು ಕೊಟ್ಟಿತ್ತು. ಆದರೆ ಆ ಸಂಕೇತವನ್ನು ಪಾಲಿಸಬೇಕಾದ ವಾಲ್ವ್ ಆ ವೇಳೆಗಾಗಲೇ ಒಳಗೆ ಅಂಟಿಕೊಂಡಿತ್ತು.

ಗಾಳಿ ಹೊರಹೋಗದಿದ್ದರೆ

ಏರ್ ಕ್ಲಚ್ ಪ್ರೆಸ್ಸಿನ ಕಾರ್ಯವಿಧಾನ ಸರಳ. ವಾಲ್ವ್ ತೆರೆದು ಒತ್ತಡದ ಗಾಳಿ ಒಳಹೊಕ್ಕಾಗ ಕ್ಲಚ್ ಹಿಡಿಯುತ್ತದೆ, ಬ್ರೇಕ್ ಬಿಡುತ್ತದೆ. ಗಾಳಿ ಹೊರಹೋದಾಗ ಸ್ಪ್ರಿಂಗ್‌ಗಳ ಬಲದಿಂದ ಬ್ರೇಕ್ ಹಿಡಿದು ಪ್ರೆಸ್ ನಿಲ್ಲುತ್ತದೆ. ಅಂದರೆ ನಿಲ್ಲುವ ಕ್ರಿಯೆ ಪೂರ್ತಿಯಾಗಿ ಒಂದೇ ಸಂಗತಿಯನ್ನು ಅವಲಂಬಿಸಿದೆ: ವಾಲ್ವಿನೊಳಗಿನ ಸ್ಪೂಲ್ ಎಂಬ ಚಿಕ್ಕ ದಂಡ ತನ್ನ ಮೂಲಸ್ಥಾನಕ್ಕೆ ಮರಳಬೇಕು. ಸೊಲೆನಾಯ್ಡಿಗೆ ವಿದ್ಯುತ್ ನಿಂತ ಮಾತ್ರಕ್ಕೆ ಸ್ಪೂಲ್ ಮರಳಿತು ಎನ್ನುವಂತಿಲ್ಲ. ಕಂಪ್ರೆಸರ್‌ನಿಂದ ಬಂದ ನೀರು, ಎಣ್ಣೆಯ ಜಿಡ್ಡು, ಪೈಪಿನ ತುಕ್ಕಿನ ಪುಡಿ, ಮುರಿದ ಸ್ಪ್ರಿಂಗ್ ಇವುಗಳಲ್ಲಿ ಯಾವುದಾದರೂ ಒಂದು ಅದನ್ನು ಹಿಡಿದಿಡಬಲ್ಲದು. ಶನಿವಾರ ಸಂಜೆ ನಿಲ್ಲಿಸಿದ ಯಂತ್ರವನ್ನು ಸೋಮವಾರ ಚಾಲನೆ ಮಾಡುವಾಗ, ಅದರಲ್ಲೂ ಮಳೆಗಾಲದಲ್ಲಿ, ಇಂತಹ ಅಂಟುವಿಕೆಯ ಸಂಭವ ಹೆಚ್ಚು.

ನಮ್ಮ ಪ್ರಕರಣದಲ್ಲಿ ಮೊದಲ ಸ್ಟ್ರೋಕಿನ ಕೊನೆಯಲ್ಲಿಯೇ ಸೊಲೆನಾಯ್ಡಿನ ವಿದ್ಯುತ್ ಕಡಿದಿತ್ತು. ಆದರೆ ಸ್ಪೂಲ್ ಅಲುಗಲಿಲ್ಲವಾದ್ದರಿಂದ ಕ್ಲಚ್ ಹಿಡಿದೇ ಇತ್ತು. ಅನಂತರ ಲೈಟ್ ಕರ್ಟನ್ ಕಡಿದದ್ದು ಅದಾಗಲೇ ಕಡಿದಿದ್ದ ಅದೇ ವಿದ್ಯುತ್ತನ್ನು. ಕೆಂಪು ಗುಂಡಿಯನ್ನು ಒತ್ತಿದ್ದರೂ ಫಲ ಇಷ್ಟೇ ಆಗುತ್ತಿತ್ತು.

ಎರಡು ಸಹಿ, ಒಂದು ತಾಳೆ

ಜೋಡಿ ವಾಲ್ವ್ ಎಂದರೇನೆಂದು ಎಂಜಿನಿಯರ್ ವಿವರಿಸಿದಾಗ ನನಗೆ ಅರ್ಥವಾದದ್ದು ಚೆಕ್ ಪುಸ್ತಕದ ಮೂಲಕ. ಒಬ್ಬರ ಸಹಿ ಸಾಲದು, ಇಬ್ಬರೂ ಸಹಿ ಮಾಡಬೇಕು ಎಂದು ಬ್ಯಾಂಕಿಗೆ ನಾವು ಸೂಚನೆ ಕೊಡುವುದಿಲ್ಲವೇ? ಜೋಡಿ ವಾಲ್ವಿನಲ್ಲಿಯೂ ಎರಡು ಭಾಗಗಳಿದ್ದು, ಎರಡೂ ತೆರೆದರೆ ಮಾತ್ರ ಕ್ಲಚ್ಚಿಗೆ ಗಾಳಿ ಹೋಗುತ್ತದೆ. ಒಂದು ಅಂಟಿಕೊಂಡರೂ ಇನ್ನೊಂದು ಮರಳಿದರೆ ಗಾಳಿ ಹೊರಹೋಗಿ ಪ್ರೆಸ್ ನಿಲ್ಲುತ್ತದೆ.

ಇಲ್ಲಿಯೇ ಒಂದು ಅಪಾಯ ಅಡಗಿದೆ. ಇಬ್ಬರು ಸಹಿದಾರರಲ್ಲಿ ಒಬ್ಬರು ಖಾಲಿ ಚೆಕ್‌ಗಳಿಗೆ ಮುಂಗಡವಾಗಿ ಸಹಿ ಹಾಕಿಟ್ಟು ಊರಿಗೆ ಹೋದರೆ ಎರಡು ಸಹಿಯ ನಿಯಮ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಚೆಕ್‌ಗಳೇನೋ ಪಾಸಾಗುತ್ತಲೇ ಇರುತ್ತವೆ, ಯಾರಿಗೂ ಅನುಮಾನ ಬರುವುದಿಲ್ಲ. ಹಾಗೆಯೇ ಜೋಡಿ ವಾಲ್ವಿನ ಒಂದು ಭಾಗ ಅಂಟಿಕೊಂಡರೂ ಪ್ರೆಸ್ ಎಂದಿನಂತೆ ನಡೆಯಬಹುದು. ಎರಡನೆಯದು ಅಂಟಿಕೊಳ್ಳುವ ದಿನದವರೆಗೆ ದೋಷ ಬೆಳಕಿಗೆ ಬಾರದು. ಲೆಕ್ಕಪತ್ರದಲ್ಲಿ ಇದನ್ನು ಹಿಡಿಯುವುದು ಬ್ಯಾಂಕ್ ತಾಳೆಪಟ್ಟಿ. ಯಂತ್ರದಲ್ಲಿ ಹಿಡಿಯುವುದು ಸೇಫ್ಟಿ ಕಂಟ್ರೋಲರ್.

ವಾಲ್ವಿನ ಪ್ರತಿ ಭಾಗಕ್ಕೂ ಸ್ಪೂಲಿನ ಸ್ಥಾನವನ್ನು ತಿಳಿಸುವ ಸೆನ್ಸರ್ ಅಥವಾ ಒತ್ತಡವನ್ನು ತಿಳಿಸುವ ಪ್ರೆಷರ್ ಸ್ವಿಚ್ ಇರುತ್ತದೆ. ಕಂಟ್ರೋಲರ್ ಎರಡು ಸೊಲೆನಾಯ್ಡ್‌ಗಳಿಗೂ ಪ್ರತ್ಯೇಕ ತಂತಿಗಳಲ್ಲಿ ಆಜ್ಞೆ ಕೊಟ್ಟು, ಸೆಕೆಂಡಿನ ಒಂದು ಚಿಕ್ಕ ಅಂಶದೊಳಗೆ ಎರಡರಿಂದಲೂ ಉತ್ತರ ಬಂತೇ ಎಂದು ಪ್ರತಿ ಸ್ಟ್ರೋಕಿನಲ್ಲಿಯೂ ನೋಡುತ್ತದೆ. ಆಜ್ಞೆಗೂ ಉತ್ತರಕ್ಕೂ ತಾಳೆಯಾಗದಿದ್ದರೆ ಮುಂದಿನ ಸ್ಟ್ರೋಕಿಗೆ ಅನುಮತಿ ಇಲ್ಲ. ಸಾಮಾನ್ಯ ಪಿಎಲ್‌ಸಿಗೂ ಇದನ್ನು ಬರೆದುಕೊಡಬಹುದಲ್ಲ ಎಂದು ನಾನು ಕೇಳಿದೆ. ಪಿಎಲ್‌ಸಿಯೇ ಕೆಟ್ಟರೆ ಅದನ್ನು ನೋಡುವವರು ಯಾರು ಎಂಬುದು ಎಂಜಿನಿಯರರ ಮರುಪ್ರಶ್ನೆಯಾಗಿತ್ತು. ಸೇಫ್ಟಿ ಕಂಟ್ರೋಲರ್‌ನಲ್ಲಿ ಲೆಕ್ಕಾಚಾರ ಎರಡು ಕಡೆ ನಡೆದು, ಒಂದನ್ನೊಂದು ಪರೀಕ್ಷಿಸಿಕೊಳ್ಳುತ್ತದೆ. ತನ್ನ ಔಟ್‌ಪುಟ್ ತಂತಿಗಳಲ್ಲಿಯೂ ಅದು ಕ್ಷಣಮಾತ್ರದ ಪರೀಕ್ಷಾ ಸಂಕೇತಗಳನ್ನು ಕಳುಹಿಸಿ, ಶಾರ್ಟ್ ಆಗಿದೆಯೇ ಎಂದು ನೋಡುತ್ತಿರುತ್ತದೆ.

ಅಪಘಾತದ ನಂತರ ನಾನು ಆಡಿಟ್‌ಗೆ ಹೋದ ಕಡೆಯಲ್ಲೆಲ್ಲ ಪ್ಯಾನೆಲ್ ಬಾಗಿಲು ತೆಗೆಸಿ ನೋಡುವ ಅಭ್ಯಾಸ ಬೆಳೆಸಿಕೊಂಡೆ. ಒಂದು ಕಾರ್ಖಾನೆಯಲ್ಲಿ ದುಬಾರಿ ಕಂಟ್ರೋಲರ್ ಇತ್ತು, ಜೋಡಿ ವಾಲ್ವೂ ಇತ್ತು. ಆದರೆ ಫೀಡ್‌ಬ್ಯಾಕ್ ಟರ್ಮಿನಲ್‌ಗಳ ನಡುವೆ ನೀಲಿ ವೈರಿನ ತುಂಡೊಂದನ್ನು ಸಿಕ್ಕಿಸಿದ್ದರು. ‘ಸುಮ್ಮಸುಮ್ಮನೆ ಟ್ರಿಪ್ ಆಗುತ್ತಿತ್ತು ಸಾರ್, ಪ್ರೊಡಕ್ಷನ್ ನಿಲ್ಲುತ್ತಿತ್ತು’ ಎಂದರು ಎಲೆಕ್ಟ್ರಿಷಿಯನ್. ಸುಮ್ಮನೆ ಟ್ರಿಪ್ ಆಗುತ್ತಿರಲಿಲ್ಲ, ವಾಲ್ವಿನ ಒಂದು ಭಾಗ ನಿಧಾನವಾಗಿ ಮರಳುತ್ತಿತ್ತು. ತಾಳೆಯಾಗದ ಬ್ಯಾಂಕ್ ಖಾತೆಗೆ ಸಸ್ಪೆನ್ಸ್ ಖಾತೆಯಲ್ಲಿ ಒಂದು ನಮೂದು ಹಾಕಿ ಮುಗಿಸಿದ ಹಾಗಿತ್ತು ಅದು.

ಕಂಟ್ರೋಲರ್ ಕಾಣಲಾರದ ಸಂಗತಿಗಳು

ಸ್ಪೂಲ್ ಸರಿಯಾಗಿ ಮರಳಿದರೂ ಗಾಳಿ ಹೊರಹೋಗುವ ದ್ವಾರದ ಸೈಲೆನ್ಸರ್ ಜಿಡ್ಡಿನಿಂದ ಕಟ್ಟಿಕೊಂಡಿದ್ದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ. ಸ್ಪೂಲ್ ಸೆನ್ಸರ್‌ಗೆ ಇದು ತಿಳಿಯದು. ಲೈಟ್ ಕರ್ಟನ್ನಿನ ದೂರವನ್ನು ನಿಗದಿಪಡಿಸುವಾಗ ಮನುಷ್ಯನ ಕೈ ಸೆಕೆಂಡಿಗೆ 1600 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ವೇಗದಲ್ಲಿ ಚಲಿಸುತ್ತದೆಂದು ಅಂತರರಾಷ್ಟ್ರೀಯ ಮಾನಕಗಳು ಲೆಕ್ಕ ಹಾಕುತ್ತವೆ. ಆ ಲೆಕ್ಕದಲ್ಲಿ, ನಿಲ್ಲುವುದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೆ ಕೈ 160 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಯಂತ್ರ ಕೊಂಡ ದಿನ ಅಳೆದು ನಿಲ್ಲಿಸಿದ ಕರ್ಟನ್ ಐದು ವರ್ಷಗಳ ನಂತರವೂ ಸರಿಯಾದ ದೂರದಲ್ಲಿದೆ ಎಂದು ನಂಬಲು ಆಧಾರವಿಲ್ಲ. ನಿಲುಗಡೆಯ ಸಮಯವನ್ನು ಮತ್ತೆ ಅಳೆಯಬೇಕು.

ಗಾಳಿ ಬಿಟ್ಟರೆ ಎಲ್ಲ ಯಂತ್ರಗಳೂ ಸುರಕ್ಷಿತ ಎಂಬುದೂ ತಪ್ಪು ತಿಳಿವಳಿಕೆ. ಲಂಬವಾಗಿ ಭಾರ ಎತ್ತಿ ಹಿಡಿದ ಸಿಲಿಂಡರಿನ ಗಾಳಿ ಬಿಟ್ಟರೆ ಭಾರ ಕೆಳಗೆ ಬೀಳುತ್ತದೆ. ಅಲ್ಲಿ ರಾಡ್ ಲಾಕ್ ಅಥವಾ ಗಾಳಿಯನ್ನು ಸಿಲಿಂಡರಿನಲ್ಲಿಯೇ ತಡೆಹಿಡಿಯುವ ವಾಲ್ವ್ ಬೇಕು. ತಿರುಗುತ್ತಿರುವ ಚಕ್‌ನ ಗಾಳಿ ಹೋದರೆ ಜಾಬ್ ಸಿಡಿದು ಹೊರಬರಬಹುದು. ಇನ್ನು ನಮ್ಮಲ್ಲಿ ಇಂದಿಗೂ ಹೇರಳವಾಗಿರುವ ಹಳೆಯ ಪಿನ್ ಕ್ಲಚ್ ಪ್ರೆಸ್‌ಗಳನ್ನು ಸ್ಟ್ರೋಕಿನ ನಡುವೆ ನಿಲ್ಲಿಸಲು ಯಾವ ಕಂಟ್ರೋಲರ್‌ನಿಂದಲೂ ಸಾಧ್ಯವಿಲ್ಲ. ಅವಕ್ಕೆ ಕೈ ಒಳಗೆ ಹೋಗದಂತೆ ಗಟ್ಟಿಯಾದ ಗಾರ್ಡ್ ಒಂದೇ ದಾರಿ. ಅಂತಹ ಪ್ರೆಸ್ಸಿಗೆ ಲೈಟ್ ಕರ್ಟನ್ ಮಾರಲು ಬರುವವರಿದ್ದಾರೆ, ಎಚ್ಚರವಿರಲಿ.

ಲೆಕ್ಕದ ಮಾತು

ಈಗ ನನ್ನ ಅಧಿಕಾರವ್ಯಾಪ್ತಿಗೆ ಬರುತ್ತೇನೆ. ಒಂದೂವರೆ ಲಕ್ಷ ಉಳಿಸಿದೆವೆಂದು 2016ರಲ್ಲಿ ನಾವು ಭಾವಿಸಿದೆವು. 1923ರ ನೌಕರರ ಪರಿಹಾರ ಕಾಯಿದೆಯ ಅನುಸೂಚಿ ಒಂದು ಕೈಯ ಎರಡು ಬೆರಳುಗಳ ನಷ್ಟವನ್ನು ಶೇಕಡಾ 20ರಷ್ಟು ಗಳಿಕೆ ಸಾಮರ್ಥ್ಯದ ನಷ್ಟವೆಂದು ಎಣಿಸುತ್ತಿತ್ತು. ಮಾಸಿಕ ವೇತನ 15,000 ರೂಪಾಯಿ ಎಂದಿಟ್ಟುಕೊಂಡರೆ ಅದರ ಶೇಕಡಾ 60, ಅಂದರೆ 9,000. 25ರ ವಯಸ್ಸಿಗೆ ಗುಣಕ 216.91, ಗುಣಿಸಿದರೆ 19,52,190, ಅದರ ಶೇಕಡಾ 20 ಎಂದರೆ 3,90,438 ರೂಪಾಯಿ. ಆ ಯುವಕ ಇಎಸ್‌ಐ ವ್ಯಾಪ್ತಿಯಲ್ಲಿದ್ದುದರಿಂದ ಚಿಕಿತ್ಸೆಯೂ ಅಂಗವೈಕಲ್ಯದ ಮಾಸಿಕ ಹಣವೂ ಅಲ್ಲಿಂದಲೇ ದೊರೆತವು, ಮಾಲೀಕರ ಕೈಯಿಂದ ಈ ಮೊತ್ತ ಹೋಗಲಿಲ್ಲ. ಸಣ್ಣ ಉದ್ಯಮಿಗಳು ಈ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲು ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಖರ್ಚು ಪುಸ್ತಕದಲ್ಲಿ ಕಾಣಿಸುವುದಿಲ್ಲ.

ಆದರೆ ಬೇರೆ ರೂಪದಲ್ಲಿ ಕಾಣಿಸುತ್ತದೆ. 1948ರ ಕಾರ್ಖಾನೆಗಳ ಕಾಯಿದೆಯ 21ನೆಯ ಸೆಕ್ಷನ್ ಯಂತ್ರಗಳ ಅಪಾಯಕಾರಿ ಭಾಗಗಳಿಗೆ ರಕ್ಷಣೆ ಕಡ್ಡಾಯಗೊಳಿಸಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ ಬಂದಿರುವ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ, ಕರ್ತವ್ಯಲೋಪದಿಂದ ಗಂಭೀರ ಗಾಯವಾದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಎರಡರಿಂದ ನಾಲ್ಕು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಉಂಟು. ಸಾವು ಸಂಭವಿಸಿದರೆ ದಂಡ ಐದು ಲಕ್ಷಕ್ಕೆ ಕಡಿಮೆ ಇರುವಂತಿಲ್ಲ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಗಾಯಾಳುವಿಗೆ ಅಥವಾ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶವಿದೆ.

ಅಳವಡಿಕೆಯ ವೆಚ್ಚವನ್ನು ಪುಸ್ತಕದಲ್ಲಿ ಹೇಗೆ ತೋರಿಸಬೇಕೆಂದು ಹಲವರು ಕೇಳುತ್ತಾರೆ. ಇದರಿಂದ ಉತ್ಪಾದನೆಯೇನೂ ಹೆಚ್ಚುವುದಿಲ್ಲವಲ್ಲ, ಆಸ್ತಿಯೆಂದು ಹೇಗೆ ತೋರಿಸುವುದು ಎಂಬುದು ಅವರ ಸಂದೇಹ. ಪರಿಷ್ಕೃತ ಲೆಕ್ಕಪತ್ರ ಮಾನಕ 10 ಇದಕ್ಕೆ ನೇರವಾಗಿ ಉತ್ತರಿಸಿದೆ: ಸುರಕ್ಷತೆಗಾಗಿ ಕೊಂಡ ವಸ್ತು ತಾನಾಗಿ ಲಾಭ ತರದಿದ್ದರೂ, ಇತರ ಆಸ್ತಿಗಳಿಂದ ಲಾಭ ಪಡೆಯಲು ಅವಶ್ಯಕವಾಗಿದ್ದರೆ ಅದು ಆಸ್ತಿಯೇ. ಆದಾಯ ತೆರಿಗೆಯಲ್ಲಿ ಯಂತ್ರೋಪಕರಣಗಳ ಸಾಮಾನ್ಯ ದರವಾದ ಶೇಕಡಾ 15ರ ಸವಕಳಿ ದೊರೆಯುತ್ತದೆ. ಜಿಎಸ್‌ಟಿ ಹೂಡುವಳಿ ಜಮೆಯೂ ಉಂಟು, ಆದರೆ ತೆರಿಗೆಯ ಮೊತ್ತದ ಮೇಲೆ ಸವಕಳಿ ಪಡೆದರೆ ಜಮೆ ಸಿಗದು. ಎರಡನ್ನೂ ಪಡೆದು ನೋಟಿಸ್ ತರಿಸಿಕೊಂಡವರನ್ನು ಕಂಡಿದ್ದೇನೆ. ಸವೆದ ವಾಲ್ವಿಗೆ ಅಂತಹದೇ ಇನ್ನೊಂದನ್ನು ಹಾಕಿದರೆ ಅದು ದುರಸ್ತಿ ವೆಚ್ಚ.

ಸವೆಯುವ ಮಾತು ಬಂತು. ತಯಾರಕರು ಬೇರೆ ಅಂಕಿ ಕೊಡದಿದ್ದಲ್ಲಿ ನ್ಯೂಮ್ಯಾಟಿಕ್ ಬಿಡಿಭಾಗಗಳಿಗೆ ಎರಡು ಕೋಟಿ ಆವರ್ತಗಳ ಅಂಕಿಯನ್ನು ಐಎಸ್‌ಒ 13849-1 ಮಾನಕ ಕೊಡುತ್ತದೆ. ಇದು ಶೇಕಡಾ 10ರಷ್ಟು ಭಾಗಗಳು ಅಪಾಯಕಾರಿಯಾಗಿ ಕೆಡುವ ವೇಳೆಗೆ ನಡೆದಿರುವ ಆವರ್ತಗಳ ಸಂಖ್ಯೆ. ನಿಮಿಷಕ್ಕೆ 20 ಸ್ಟ್ರೋಕ್, ಎಂಟು ಗಂಟೆಯ ಎರಡು ಪಾಳಿ, ವರ್ಷಕ್ಕೆ 300 ದಿನ ಎಂದರೆ 57,60,000 ಆವರ್ತ. ಮೂರೂವರೆ ವರ್ಷ ಮುಗಿಯುವ ಹೊತ್ತಿಗೆ ವಾಲ್ವಿನ ಸುರಕ್ಷಿತ ಆಯುಸ್ಸು ಮುಗಿಯಿತು. ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯಂತೆ ಪ್ರೆಸ್ಸನ್ನು ನಾವು 15 ವರ್ಷಕ್ಕೆ ಹಂಚುತ್ತಿರುತ್ತೇವೆ. ಪುಸ್ತಕದಲ್ಲಿ ಯಂತ್ರ ಒಂದೇ. ಒಳಗೆ ಆಯುಸ್ಸು ಬೇರೆಬೇರೆ. ಹೀಗಾಗಿ ನನ್ನ ಕಕ್ಷಿದಾರರ ಸ್ಥಿರಾಸ್ತಿ ರಿಜಿಸ್ಟರಿನಲ್ಲಿ ವಾಲ್ವ್‌ಗೆ ಪ್ರತ್ಯೇಕ ಸಾಲು ತೆರೆಸಿ, ಬದಲಿಸಬೇಕಾದ ತಿಂಗಳನ್ನೂ ಬರೆಸುತ್ತಿದ್ದೇನೆ.

ಯಂತ್ರಗಳನ್ನೇ ತಯಾರಿಸುವ ಸದಸ್ಯರಿಗೆ ಒಂದು ಮಾತು. ಯೂರೋಪಿನ 2006ರ ಯಂತ್ರ ನಿರ್ದೇಶನದ ಬದಲಿಗೆ 2023/1230 ಸಂಖ್ಯೆಯ ಯಂತ್ರ ನಿಯಮಾವಳಿ ಅನ್ವಯವಾಗಲು ನಿಗದಿಯಾಗಿರುವ ದಿನಾಂಕ 2027ರ ಜನವರಿ 20. ರಫ್ತಿನ ಆರ್ಡರ್ ಒಪ್ಪಿಕೊಳ್ಳುವ ಮುನ್ನ ಸುರಕ್ಷತಾ ನಿಯಂತ್ರಣದ ದಾಖಲೆಗಳ ವೆಚ್ಚವನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು.

ಪೀಣ್ಯದ ಆ ಪ್ರೆಸ್ಸಿಗೆ 2018ರ ಕೊನೆಯಲ್ಲಿ ಜೋಡಿ ವಾಲ್ವ್, ಕಂಟ್ರೋಲರ್, ಕಂಪ್ರೆಸರ್‌ಗೆ ಏರ್ ಡ್ರೈಯರ್ ಎಲ್ಲವೂ ಬಂದವು. ಆ ಯುವಕ ಈಗ ಅದೇ ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುತ್ತಾನೆ. ಪ್ರತಿ ಸೋಮವಾರ, ಪಾಳಿ ಆರಂಭವಾಗುವ ಮೊದಲು, ಡೈ ಖಾಲಿ ಇರುವಾಗ ಪ್ರೆಸ್ಸನ್ನು ಹಲವು ಬಾರಿ ನಿಲ್ಲಿಸಿ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಬರೆಯುವುದು ಅವನೇ, ಎಡಗೈಯಲ್ಲಿ.